ಪೋಸ್ಟ್‌ಫಿಕ್ಸ್ ಒಳ್ಳೆಯ ಮೇಲ್‌ಗಳನ್ನೂ ಯಾಕೆ ತಡೆಯುತ್ತಿದೆ?

ಸ್ಪ್ಯಾಮ್ ತಡೆಯಲು ನಿಮ್ಮ ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್‌ನಲ್ಲಿ 'ರಿಜೆಕ್ಟ್ ಅನ್‌ವೆರಿಫೈಡ್ ಸೆಂಡರ್' ಹಾಕಿದ್ದೀರಿ. ಅಂದರೆ ಕಳಿಸಿದವರ ವಿಳಾಸ ನಿಜವಾಗಿ ಇದೆಯೇ ಎಂದು ಅವರ ಕಡೆಯ ಸರ್ವರ್‌ನಲ್ಲಿ ವಿಚಾರಿಸಿ, ಖಾತ್ರಿಯಾಗದಿದ್ದರೆ ಮೇಲ್ ತಡೆಯುವ ನಿಯಮ. ಈಗ ಬಿಲ್ಲು, ಟಿಕೆಟ್ ಮೇಲ್‌ಗಳೂ 450 (ಈಗ ಬೇಡ, ಆಮೇಲೆ ಬನ್ನಿ ಎನ್ನುವ ಸಂಖ್ಯೆ) ಅಂತ ಹೊರಗೇ ನಿಲ್ಲುತ್ತಿವೆ, ಅಲ್ವಾ? ನಾನೂ ಇದೇ ಹೊಂಡಕ್ಕೆ ಬಿದ್ದವನು. ಒಂದು ತಿಂಗಳು ನಮ್ಮ ಆಫೀಸಿನಲ್ಲಿ ಯಾರಿಗೂ ಸಂಬಳದ ಸ್ಲಿಪ್ ಬರಲಿಲ್ಲ. ಆವತ್ತು ನನ್ನ ಮೇಜಿನ ಮುಂದೆ ನಿಂತ ಜನರನ್ನು ನೀವು ನೋಡಬೇಕಿತ್ತು.

450 ನೋಡಿ ಏನೂ ತೀರ್ಮಾನಿಸಬೇಡಿ. ನೀವು ಬದಲಿಸದಿದ್ದರೆ ಪೋಸ್ಟ್‌ಫಿಕ್ಸ್ ಎರಡು ಬಗೆಯ ಸೋಲಿಗೂ ಅದೇ ಸಂಖ್ಯೆ ಕೊಡುತ್ತದೆ. ಲಾಗ್‌ನಲ್ಲಿ (ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್) ಅದರ ಮುಂದಿನ ಮಾತು ಓದಿ. 'ಅನ್‌ಡೆಲಿವರಬಲ್ ಅಡ್ರೆಸ್' ಎಂದಿದ್ದರೆ ಆ ಕಡೆಯ ಸರ್ವರ್ ಖಡಾಖಂಡಿತ ಬೇಡ ಎಂದಿದೆ. ಹೆಚ್ಚಾಗಿ ಅದು 'ನೋರಿಪ್ಲೈ' ವಿಳಾಸ. ಮೇಲ್ ಕಳಿಸಲು ಹೆಸರು ಉಂಟು, ತೆಗೆದುಕೊಳ್ಳಲು ಡಬ್ಬಿಯೇ ಇಲ್ಲ. ಇಂಥವನ್ನು ವೈಟ್‌ಲಿಸ್ಟ್‌ಗೆ (ಪರೀಕ್ಷೆಯಿಲ್ಲದೆ ಒಳಗೆ ಬಿಡುವ ಪಟ್ಟಿ) ಸೇರಿಸದೆ ಬೇರೆ ದಾರಿಯಿಲ್ಲ.

'ಅನ್‌ವೆರಿಫೈಡ್ ಅಡ್ರೆಸ್' ಎಂದಿದ್ದರೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ ಎಂದರ್ಥ. ಆ ಕಡೆ ಗ್ರೇಲಿಸ್ಟಿಂಗ್ (ಗುರುತಿಲ್ಲದವರನ್ನು ಮೊದಲ ಸಲ 'ಆಮೇಲೆ ಬಾ' ಎಂದು ಕಳಿಸುವ ಪದ್ಧತಿ) ಇರಬಹುದು, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ. ಆದರೆ ಎಲ್ಲಾ ಡೊಮೈನ್‌ಗಳಿಗೂ (ವಿಳಾಸದಲ್ಲಿ @ ಆದ ಮೇಲಿನ ಹೆಸರು) ಹೀಗೇ ಆಗುತ್ತಿದ್ದರೆ ನಿಮ್ಮ ಸರ್ವರ್‌ನಿಂದ ಹೊರಗೆ ಹೋಗುವ 25ನೇ ಪೋರ್ಟ್ (ಸರ್ವರ್‌ಗಳು ಪರಸ್ಪರ ಮೇಲ್ ಕೊಡುವ ದಾರಿ) ಮುಚ್ಚಿದೆಯೇ ನೋಡಿ.

ನನ್ನ ವಿಷಯದಲ್ಲಿ ತಪ್ಪು ನನ್ನದೇ. ಈ ಪರೀಕ್ಷೆಯಲ್ಲಿ ಪೋಸ್ಟ್‌ಫಿಕ್ಸ್ ಆ ಕಡೆಯ ಸರ್ವರ್‌ಗೆ ಮೇಲ್ ಕೊಡುವವರ ಹಾಗೆ ಹೋಗಿ, ವಿಳಾಸ ಸರಿ ಎಂದ ಕೂಡಲೇ ಏನೂ ಕೊಡದೆ ವಾಪಸ್ ಬರುತ್ತದೆ. ಹೋಗುವಾಗ ತನ್ನ ವಿಳಾಸವನ್ನೂ ಹೇಳಬೇಕು. ಅದು 'ಡಬಲ್-ಬೌನ್ಸ್' ಎಂಬ ಹೆಸರು, ಅದರ ಮುಂದೆ 'ಮೈಒರಿಜಿನ್' ಎಂಬ ಸೆಟ್ಟಿಂಗ್‌ನಲ್ಲಿ ನಾವು ಬರೆದ ಡೊಮೈನ್. ನಾನು ಅಲ್ಲಿ ಆಫೀಸಿನೊಳಗೆ ಮಾತ್ರ ನಡೆಯುವ, 'ಡಾಟ್ ಲೋಕಲ್' ಅಂತ ಮುಗಿಯುವ ಹೆಸರು ಬಿಟ್ಟಿದ್ದೆ. ಅಂಥ ಡೊಮೈನೇ ಇಲ್ಲ ಎಂದು ಆ ಕಡೆಯವರು ಬಾಗಿಲಲ್ಲೇ ಓಡಿಸುತ್ತಿದ್ದರು. 'ಅಡ್ರೆಸ್ ವೆರಿಫೈ ಸೆಂಡರ್' ಎಂಬ ಸೆಟ್ಟಿಂಗ್‌ನಲ್ಲಿ ನಮ್ಮ ನಿಜವಾದ ಡೊಮೈನ್‌ನ ವಿಳಾಸ ಕೊಟ್ಟೆ.

ಆದರೂ ಮೇಲ್ ಬರಲಿಲ್ಲ! ಕಾರಣ ಕ್ಯಾಶ್, ಅಂದರೆ ಹಿಂದೆ ಸಿಕ್ಕ ಉತ್ತರಗಳನ್ನು ಕೂಡಿಟ್ಟ ಫೈಲ್. ಸೋತ ವಿಳಾಸವನ್ನು ಪೋಸ್ಟ್‌ಫಿಕ್ಸ್ 3 ದಿನ ನೆನಪಿಡುತ್ತದೆ, 3 ಗಂಟೆ ಕಳೆಯುವ ತನಕ ಮತ್ತೆ ವಿಚಾರಿಸುವುದೇ ಇಲ್ಲ. ಕಾಯಲು ಆಗದಿದ್ದರೆ ಪೋಸ್ಟ್‌ಫಿಕ್ಸ್ ನಿಲ್ಲಿಸಿ, ವೆರಿಫೈ ಕ್ಯಾಶ್ ಫೈಲನ್ನು ಬೇರೆ ಕಡೆ ಸರಿಸಿ, ಮತ್ತೆ ಶುರು ಮಾಡಿ.

ಇಷ್ಟಾದ ಮೇಲೂ ನಾನು ಇದನ್ನು ಎಲ್ಲಾ ಮೇಲ್‌ಗೂ ಹಾಕಲಿಲ್ಲ. ಬೇರೆಯವರ ನಿಜವಾದ ವಿಳಾಸ ಕದ್ದು ಕಳಿಸಿದ ಸ್ಪ್ಯಾಮ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಸುಮ್ನೆ ಸಿಕ್ಕಸಿಕ್ಕ ಸರ್ವರ್‌ಗಳ ಬಾಗಿಲು ತಟ್ಟುತ್ತಿದ್ದರೆ ನಿಮ್ಮ ಸರ್ವರ್‌ನ ಐಪಿ ವಿಳಾಸವೇ ಕಪ್ಪುಪಟ್ಟಿಗೆ ಸೇರಬಹುದು. ಕಳಿಸಿದವರು ಅಸಲಿಯೇ ಎಂದು ನೋಡಲು ಎಸ್‌ಪಿಎಫ್ (ಆ ಡೊಮೈನ್ ಒಪ್ಪಿದ ಸರ್ವರ್‌ನಿಂದಲೇ ಬಂದಿದೆಯೇ ಎಂಬ ಪರೀಕ್ಷೆ), ಡಿಕೆಐಎಂ (ಮೇಲ್ ಮೇಲಿನ ಡಿಜಿಟಲ್ ಸಹಿಯ ಪರೀಕ್ಷೆ) ಇವೆ. ಜಾಸ್ತಿ ಕಾಟ ಕೊಡುವ ಎರಡು-ಮೂರು ಡೊಮೈನ್‌ಗಳಿಗೆ ಮಾತ್ರ ಈ ಪರೀಕ್ಷೆ ಇದ್ದರೆ ಸಾಕು, 'ಚೆಕ್ ಸೆಂಡರ್ ಆಕ್ಸೆಸ್' ಪಟ್ಟಿಯಲ್ಲಿ ಅವುಗಳ ಹೆಸರು ಬರೆಯಿರಿ. ಸದ್ಯಕ್ಕೆ ನಿಮ್ಮ ಈಗಿನ ನಿಯಮದ ಮುಂದೆ 'ವಾರ್ನ್ ಇಫ್ ರಿಜೆಕ್ಟ್' ಸೇರಿಸಿ. ಮೇಲ್ ಒಳಗೆ ಬರುತ್ತದೆ, ಯಾವುದಕ್ಕೆ ತಡೆ ಬೀಳುತ್ತಿತ್ತು ಎಂಬುದು ಲಾಗ್‌ನಲ್ಲಿ ಸಿಗುತ್ತದೆ. ಒಂದು ವಾರ ಹಾಗೇ ನಡೆಯಲಿ.

ಆಮೇಲೂ ಗೊತ್ತಾಗದಿದ್ದರೆ ಲಾಗ್‌ನ ಆ ಸಾಲನ್ನು ಪೂರ್ತಿ ಇಲ್ಲಿ ಹಾಕಿ. ವಿಳಾಸ ಮಾತ್ರ ಅಳಿಸಿ.