ಟೈಪ್ ಮಾಡುತ್ತಿದ್ದರೂ ಲಾಗೌಟ್ ಯಾಕೆ?

ಪ್ರಶ್ನೆ: ಮೇಡಂ, ಬೆಟಗೇರಿಯಲ್ಲಿ ನನ್ನದು ಝೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿಯ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದೆ. ಸುಮ್ನೆ ಕೂತಿರಲಿಲ್ಲ, ಟೈಪ್ ಮಾಡುತ್ತಲೇ ಇದ್ದೆ. ಸಬ್ಮಿಟ್ ಒತ್ತಿದರೆ ‘ಸೆಷನ್ ಎಕ್ಸ್‌ಪೈರ್ಡ್’ ಅಂತ ಬಂತು. ತುಂಬಿದ್ದೆಲ್ಲ ಹೋಯಿತು. ಇದು ನೆಟ್ ತೊಂದರೆಯೇ?
– ಓದುಗರು, ಗದಗ-ಬೆಟಗೇರಿ

ಉತ್ತರ: ನೆಟ್ ತೊಂದರೆಯಲ್ಲ ಅಣ್ಣಾ, ನಿಮ್ಮ ತಪ್ಪೂ ಇಲ್ಲ. ಹುಬ್ಬಳ್ಳಿಯಲ್ಲಿ ಕೂತು ಇಂಥ ಫಾರ್ಮ್‌ಗಳನ್ನೇ ತಯಾರಿಸುವವಳು ನಾನು. ಇದು ನಮ್ಮಂಥವರು ಸರಿ ಮಾಡಬೇಕಾದ ಕೆಲಸ.

ನೀವು ಟೈಪ್ ಮಾಡುವುದು ಸರ್ವರ್‌ಗೆ, ಅಂದರೆ ಆ ಸೈಟನ್ನು ನಡೆಸುವ ದೂರದ ಕಂಪ್ಯೂಟರ್‌ಗೆ, ಕಾಣುವುದಿಲ್ಲ. ಬಟನ್ ಒತ್ತುವ ತನಕ ಆ ಅಕ್ಷರಗಳೆಲ್ಲ ನಿಮ್ಮ ಬ್ರೌಸರ್‌ನಲ್ಲೇ ಇರುತ್ತವೆ. ಅರ್ಧ ಗಂಟೆ ನೀವು ಕೀಬೋರ್ಡ್ ಕುಟ್ಟಿದರೂ ಸರ್ವರ್ ಲೆಕ್ಕದಲ್ಲಿ ನೀವು ಎದ್ದು ಹೋದವರೇ.

ವೆಬ್ಬಿನ ಮೂಲ ಏರ್ಪಾಡಿನಲ್ಲಿ ನೆನಪು ಅನ್ನುವುದೇ ಇಲ್ಲ. ಒಂದೊಂದು ಸಲ ಕೇಳಿದಾಗಲೂ ನೀವು ಹೊಸಬರು. ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯ ಲೂ ಮಾಂಟುಲಿ ಕುಕೀ ಅನ್ನುವ ಉಪಾಯ ಹುಡುಕಿದರು. ಜಾತ್ರೆಯಲ್ಲಿ ಚಪ್ಪಲಿ ಬಿಟ್ಟಾಗ ಬಿಲ್ಲೆ ಕೊಡುತ್ತಾರಲ್ಲ, ಹಾಗೆ ಲಾಗಿನ್ ಆದ ಕೂಡಲೇ ಸರ್ವರ್ ಒಂದು ಉದ್ದನೆಯ ನಂಬರ್ ಕೊಡುತ್ತದೆ. ಬ್ರೌಸರ್ ಪ್ರತಿ ಸಲ ಅದನ್ನು ತೋರಿಸುತ್ತದೆ. ಕೊನೆಯ ಸಲ ಯಾವಾಗ ತೋರಿಸಿತು ಅನ್ನುವುದನ್ನು ಸರ್ವರ್ ಬರೆದಿಟ್ಟುಕೊಂಡಿರುತ್ತದೆ. ಮುಂದಿನ ಸಲ ಬಂದಾಗ ನಡುವೆ ಎಷ್ಟು ಹೊತ್ತಾಯಿತು ನೋಡುತ್ತದೆ. ಮಿತಿ ದಾಟಿದ್ದರೆ ಆ ನಂಬರ್ ರದ್ದು. ನೀವು ಕಂಡ ‘ಸೆಷನ್ ಎಕ್ಸ್‌ಪೈರ್ಡ್’ ಅಂದರೆ ಇದೇ.

ಮಿತಿ ಎಷ್ಟು? ಸೈಟ್ ಕಟ್ಟಿ ನಡೆಸಲು ಬಳಸುವ ತಂತ್ರಾಂಶಗಳಲ್ಲಿ ಒಂದೊಂದರದ್ದು ಒಂದೊಂದು ಲೆಕ್ಕ. ಪಿಎಚ್‌ಪಿಯಲ್ಲಿ ಮೊದಲೇ ಇರುವ ಸೆಟ್ಟಿಂಗ್ 1440 ಸೆಕೆಂಡ್, ಅಂದರೆ 24 ನಿಮಿಷ. ಎಎಸ್‌ಪಿ ಡಾಟ್ ನೆಟ್‌ನಲ್ಲಿ 20, ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ. ಸೈಟ್ ಮಾಡುವವರು ಇದನ್ನು ಬದಲಾಯಿಸಬಹುದು, ಆದರೆ ಇದ್ದಂತೆಯೇ ಬಿಡುವವರು ಬಹಳ. ನಿಮ್ಮ ಅಂಗಡಿಯಲ್ಲಿ ಇಷ್ಟು ಹೊತ್ತು ಕಳೆಯುವುದು ಹೇಗೆ ಅಂತ ನನಗೆ ಗೊತ್ತು. ಹುಡುಗಿ ಕೌಂಟರ್ ಮುಂದೆ, ಓಟಿಪಿ ಬರುವ ಫೋನ್ ಹೊಲದಲ್ಲಿರುವ ಅಪ್ಪನ ಕೈಯಲ್ಲಿ. ಅವರು ಫೋನ್ ಎತ್ತಬೇಕು, ಮೆಸೇಜ್ ಓದಿ ಹೇಳುವವರು ಯಾರಾದರೂ ಅಲ್ಲಿ ಸಿಗಬೇಕು. ಅಷ್ಟರಲ್ಲಿ ಫೋಟೋ ಸೈಜ್ ಜಾಸ್ತಿ ಆಯಿತು ಅಂತ ಇನ್ನೊಂದು ಕೆಲಸ. ಈ ಫಾರ್ಮ್ ಬರೆದವರು ಒಂದು ದಿನ ನಿಮ್ಮ ಪಕ್ಕ ಕೂತು ನೋಡಿದ್ದರೆ ಚೆನ್ನಾಗಿತ್ತು.

ಹಾಗಂತ ಮಿತಿಯನ್ನೇ ತೆಗೆಯಿರಿ ಅಂತ ನಾನು ಹೇಳಲಾರೆ. ನಿಮ್ಮ ಒಂದೇ ಕಂಪ್ಯೂಟರ್ ಮುಂದೆ ಊರಿನ ಜನರೆಲ್ಲ ಬಂದು ಹೋಗುತ್ತಾರೆ. ಒಬ್ಬರ ಆಧಾರ್, ಪಾಸ್‌ಬುಕ್ ವಿವರ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಅಲ್ವಾ?

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ನೀವು ಸಬ್ಮಿಟ್ ಒತ್ತಿದಾಗ ಫಾರ್ಮ್ ಪೂರ್ತಿ ಸರ್ವರ್ ತನಕ ಹೋಗಿರುತ್ತದೆ! ಹೆಸರು, ಜಾತಿ ಪ್ರಮಾಣಪತ್ರದ ನಂಬರ್, ಮಾರ್ಕ್ಸ್, ಎಲ್ಲವೂ. ಸರ್ವರ್ ಹಳೆಯ ನಂಬರ್ ನೋಡಿ, ಅದನ್ನೆಲ್ಲ ಪಕ್ಕಕ್ಕೆ ತಳ್ಳಿ, ‘ಲಾಗಿನ್ ಪುಟಕ್ಕೆ ಹೋಗು’ ಅನ್ನುತ್ತದೆ. ಬ್ರೌಸರ್ ಬರಿಗೈಯಲ್ಲಿ ಅಲ್ಲಿಗೆ ಹೋಗುತ್ತದೆ. ತುಂಬುತ್ತಿರುವಾಗಲೇ ಆಗಾಗ ಡ್ರಾಫ್ಟ್ ಉಳಿಸಿಕೊಂಡು, ಅದೇ ವ್ಯಕ್ತಿ ಮತ್ತೆ ಲಾಗಿನ್ ಆದಾಗ ತಿರುಗಿ ಕೊಡುವುದು ದೊಡ್ಡ ವಿದ್ಯೆಯೇನಲ್ಲ. ಮೊದಲೇ ಎಚ್ಚರಿಸುವುದಂತೂ ಇನ್ನೂ ಸುಲಭ. ವೆಬ್‌ಸೈಟ್‌ಗಳು ಅಂಗವಿಕಲರೂ ಸೇರಿ ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಮಾಡಿದ ಡಬ್ಲ್ಯುಸಿಎಜಿ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದು ದಾರಿ ಹೇಳುತ್ತದೆ: ಸಮಯ ಮುಗಿಯುವ ಮೊದಲು ತಿಳಿಸಿ, ಒಂದು ಬಟನ್ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಿ, ಹೀಗೆ ಹತ್ತು ಸಲವಾದರೂ ಬಿಡಿ.

ಅಲ್ಲಿಯತನಕ ನೀವು ಹೀಗೆ ಮಾಡಿ. ಕಾಗದಪತ್ರ, ಫೋಟೋ ಎಲ್ಲ ಸರಿ ಮಾಡಿಕೊಂಡು, ಅಪ್ಪನಿಗೆ ಮೊದಲೇ ಫೋನ್ ಮಾಡಿ ತಿಳಿಸಿ, ಆಮೇಲೆ ಲಾಗಿನ್ ಆಗಿ. ‘ಸೇವ್’ ಬಟನ್ ಇದ್ದರೆ ಆಗಾಗ ಒತ್ತುತ್ತಿರಿ. ಒತ್ತಿದಾಗೆಲ್ಲ ಸಮಯ ಹೊಸದಾಗಿ ಶುರುವಾಗುತ್ತದೆ. ತಡವಾಗಿದೆ ಅನ್ನಿಸಿದರೆ ಸಬ್ಮಿಟ್ ಒತ್ತುವ ಮೊದಲು ಅದೇ ಸೈಟನ್ನು ಇನ್ನೊಂದು ಟ್ಯಾಬ್‌ನಲ್ಲಿ ತೆರೆಯಿರಿ. ಲಾಗಿನ್ ಕೇಳಿದರೆ ಅಲ್ಲೇ ಆಗಿ, ಹಳೆಯ ಟ್ಯಾಬ್‌ಗೆ ಬಂದು ಸಬ್ಮಿಟ್ ಮಾಡಿ. ಕೆಲವು ಸೈಟ್‌ಗಳಲ್ಲಿ ಇದು ನಡೆಯುತ್ತದೆ. ಫಾರ್ಮ್‌ನೊಳಗೆ ಹಳೆಯ ಸೆಷನ್ನಿನ ಗುಪ್ತ ಟೋಕನ್ (ಗುರುತಿನ ಸಂಕೇತ) ಇಟ್ಟಿರುವ ಸೈಟ್‌ಗಳಲ್ಲಿ ನಡೆಯುವುದಿಲ್ಲ. ಅದಕ್ಕೇ ಉದ್ದನೆಯ ಬರಹವಿದ್ದರೆ ಮೊದಲು ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನೆಟ್ ಸೆಂಟರ್‌ನಲ್ಲಿ ಕೆಲಸ ಮುಗಿದ ಮೇಲೆ ಟ್ಯಾಬ್ ಮುಚ್ಚಿ ಎದ್ದು ಬಂದರೆ ಸಾಕಲ್ವಾ ಅಕ್ಕಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಾಲದು ತಂಗಿ. ಟ್ಯಾಬ್ ಮುಚ್ಚಿದ್ದು ಸಾಮಾನ್ಯವಾಗಿ ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಬ್ರೌಸರ್ ಪೂರ್ತಿ ಮುಚ್ಚಿದರೂ, ಬಿಟ್ಟಲ್ಲಿಂದ ಮುಂದುವರಿಸುವ ಸೆಟ್ಟಿಂಗ್ ಕ್ರೋಮ್‌ನಲ್ಲಿ ಆನ್ ಇದ್ದರೆ ಕುಕೀ ಉಳಿದುಕೊಳ್ಳುತ್ತದೆ. ಲಾಗೌಟ್ ಒತ್ತಿಯೇ ಏಳು. ಗೂಗಲ್ ಖಾತೆಯಿಂದ ಲಾಗೌಟ್ ಆಗುವುದನ್ನು ಮರೆತು ಮನೆಗೆ ಬಂದಿದ್ದರೆ, ಆ ಖಾತೆಯ ಸೆಕ್ಯುರಿಟಿ ಪುಟವನ್ನು ಮೊಬೈಲ್‌ನಲ್ಲಿ ತೆಗೆದು ನೋಡು. ಯಾವ್ಯಾವ ಯಂತ್ರಗಳಲ್ಲಿ ಲಾಗಿನ್ ಆಗಿದ್ದೀಯ ಅನ್ನುವ ಪಟ್ಟಿ ಅಲ್ಲಿದೆ. ಆ ಕಂಪ್ಯೂಟರನ್ನು ಆರಿಸಿ ಅಲ್ಲಿಂದಲೇ ಸೈನ್ ಔಟ್ ಮಾಡಬಹುದು.