ಉತ್ತರ 7 ಬಂದರೆ 07 ಅಂತ ತುಂಬಬೇಕು: ಗಣಿತ ಒಲಿಂಪಿಯಾಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮಳೆಗಾಲ ಶುರುವಾದರೆ ಸಾಕು, ಗಣಿತ ಒಲಿಂಪಿಯಾಡ್ ಬಗ್ಗೆ ಪತ್ರಗಳು ಬರಲು ಶುರುವಾಗುತ್ತವೆ. ನಮ್ಮ ಕಡೆಯ ಮಕ್ಕಳು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ಆದರೆ ಪರೀಕ್ಷೆಯ ರೀತಿ ಗೊತ್ತಿಲ್ಲದೆ ಅಂಕ ಕಳೆದುಕೊಳ್ಳುವವರನ್ನು ಬಹಳ ನೋಡಿದ್ದೇನೆ. ಅದಕ್ಕೇ ಈ ಸಲ ನಾಲ್ಕು ಪತ್ರಗಳಿಗೆ ಸ್ವಲ್ಪ ವಿವರವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಮೇಷ್ಟ್ರೇ, ನನ್ನ ಮಗಳು ಸರ್ಕಾರಿ ಹೈಸ್ಕೂಲಲ್ಲಿ 9ನೇ ಕ್ಲಾಸು, ಕನ್ನಡ ಮಾಧ್ಯಮ. ಲೆಕ್ಕ ಅಂದರೆ ಊಟ ಬಿಟ್ಟು ಕೂರುತ್ತಾಳೆ. ಈ ಒಲಿಂಪಿಯಾಡ್ ಅವಳಂಥವರಿಗೂ ಉಂಟಾ? ಹೆಸರು ಕೊಡುವುದು ಎಲ್ಲಿ?
– ತೀರ್ಥಹಳ್ಳಿ ಹತ್ತಿರದ ಒಬ್ಬ ತಾಯಿ

ಧಾರಾಳವಾಗಿ ಉಂಟಮ್ಮ. 8ರಿಂದ 12ನೇ ತರಗತಿವರೆಗಿನ ಮಕ್ಕಳು ಬರೆಯಬಹುದು. ಹುಟ್ಟಿದ ದಿನಾಂಕಕ್ಕೂ ಒಂದು ಮಿತಿ ಇರುತ್ತದೆ, 9ನೇ ಕ್ಲಾಸಿನ ಮಗುವಿಗೆ ಅದರಿಂದ ತೊಂದರೆ ಇಲ್ಲ. ಸರ್ಕಾರಿ ಶಾಲೆ, ಖಾಸಗಿ ಶಾಲೆ ಅನ್ನುವ ಭೇದವೂ ಇಲ್ಲ.

‘ಒಲಿಂಪಿಯಾಡ್’ ಅಂತ ಹೆಸರಿಟ್ಟುಕೊಂಡ ಪರೀಕ್ಷೆಗಳು ಬಹಳ ಇವೆ. ನಾನು ಹೇಳುತ್ತಿರುವುದು ದೇಶದ ತಂಡವನ್ನು ಆರಿಸುವ ಪರೀಕ್ಷೆಯ ವಿಷಯ. ಇದರ ಮೊದಲ ಮೆಟ್ಟಿಲಿಗೆ ಐಒಕ್ಯುಎಂ ಅನ್ನುತ್ತಾರೆ. ಭಾರತದ ಗಣಿತ ಶಿಕ್ಷಕರ ಸಂಘ ಅದನ್ನು ನಡೆಸುತ್ತದೆ. ಇಡೀ ಒಲಿಂಪಿಯಾಡ್ ಕಾರ್ಯಕ್ರಮದ ಹೊಣೆ ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು. ಐಒಕ್ಯುಎಂನಲ್ಲಿ ಪಾಸಾದವರಿಗೆ ಪ್ರಾದೇಶಿಕ ಮಟ್ಟದ ಆರ್‌ಎಂಒ, ಅದಾದ ಮೇಲೆ ಜನವರಿಯಲ್ಲಿ ರಾಷ್ಟ್ರಮಟ್ಟದ ಐಎನ್‌ಎಂಒ, ಆಮೇಲೆ ತರಬೇತಿ ಶಿಬಿರ. ಶಿಬಿರದಿಂದ ಆರು ಮಕ್ಕಳನ್ನು ಆರಿಸಿ ಅಂತರರಾಷ್ಟ್ರೀಯ ಸ್ಪರ್ಧೆಗೆ ಕಳಿಸುತ್ತಾರೆ. ಆ ಸ್ಪರ್ಧೆ 1959ರಲ್ಲಿ ರೊಮೇನಿಯಾದಲ್ಲಿ ಶುರುವಾಯಿತು. ಭಾರತ ಹೋಗಲು ಶುರು ಮಾಡಿದ್ದು 1989ರಲ್ಲಿ. 2024ರಲ್ಲಿ ನಮ್ಮ ಮಕ್ಕಳು ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನ ತಂದರು. ಹುಡುಗಿಯರಿಗಾಗಿಯೇ ನಡೆಯುವ ಯುರೋಪಿಯನ್ ಗಣಿತ ಒಲಿಂಪಿಯಾಡ್‌ಗೂ 2015ರಿಂದ ಭಾರತದ ತಂಡ ಹೋಗುತ್ತಿದೆ. ಇದನ್ನು ಮಗಳಿಗೆ ತಪ್ಪದೆ ಹೇಳಿ.

ಹೆಸರು ಕೊಡುವ ವಿಚಾರ. ಪರೀಕ್ಷೆ ಸೆಪ್ಟೆಂಬರ್ ಮೊದಲರ್ಧದ ಒಂದು ಭಾನುವಾರ ನಡೆಯುವುದು ವಾಡಿಕೆ. ನೋಂದಣಿ ಅದಕ್ಕೂ ಬಹಳ ಮೊದಲೇ ಮುಗಿದುಹೋಗುತ್ತದೆ. ಶಾಲೆಯೇ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ಇಲ್ಲವಾದರೆ ಹತ್ತಿರದ ಕೇಂದ್ರದಲ್ಲಿ ಮಗುವಿನ ಹೆಸರು ಕೊಡಬಹುದು. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಲೆಕ್ಕದ ಮೇಷ್ಟ್ರನ್ನು ಕೇಳಿಬಿಡಿ. ಮಳೆ ರಜೆಗಳ ಗಡಿಬಿಡಿಯಲ್ಲಿ ಇದು ಮರೆತೇಹೋಗುತ್ತದೆ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಮೊದಲ ಹಂತದಲ್ಲಿ ವಾಕ್ಯ ಬರೆಯುವ ಕೆಲಸವೇ ಇಲ್ಲ, ಉತ್ತರ ಬರೀ ಸಂಖ್ಯೆ. ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಇದ್ದರೆ ಆಯಿತು. ಅವಿಭಾಜ್ಯ ಸಂಖ್ಯೆ, ಶೇಷ, ಮ.ಸಾ.ಅ., ಜ್ಯಾ, ಸ್ಪರ್ಶಕ, ಇಂಥ ಅರವತ್ತು ಎಪ್ಪತ್ತು ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಅಂತ ಬರೆದಿಟ್ಟುಕೊಳ್ಳಲಿ. ಒಂದು ತಿಂಗಳಲ್ಲಿ ಬಾಯಿಗೆ ಬರುತ್ತವೆ.

ಸರ್, ನಾನು ಸಾಗರದ 10ನೇ ಕ್ಲಾಸಿನ ಹುಡುಗ. ಐಒಕ್ಯುಎಂನಲ್ಲಿ ಎಷ್ಟು ಪ್ರಶ್ನೆ, ತಪ್ಪಿದರೆ ಅಂಕ ಕಳೀತಾರಾ? ಹೋದ ವರ್ಷ ಅರ್ಧ ಪೇಪರ್ ಮುಟ್ಟಲೇ ಇಲ್ಲ.

ಮೂರು ಗಂಟೆ, 30 ಪ್ರಶ್ನೆ, 100 ಅಂಕ. ಮೊದಲ ಹತ್ತಕ್ಕೆ ಎರಡೆರಡು ಅಂಕ, ನಡುವಿನ ಹತ್ತಕ್ಕೆ ಮೂರ್ಮೂರು, ಕೊನೆಯ ಹತ್ತಕ್ಕೆ ಐದೈದು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಪ್ರತಿ ಉತ್ತರವೂ 00ಯಿಂದ 99ರೊಳಗಿನ ಪೂರ್ಣಾಂಕ. ಅದನ್ನು ಯಂತ್ರ ಓದುವ ಒಎಂಆರ್ ಶೀಟಿನಲ್ಲಿ ಎರಡು ಅಂಕಿಯಾಗಿ ತುಂಬಬೇಕು. ಉತ್ತರ 7 ಬಂದರೆ ಮೊದಲ ಕಂಬದಲ್ಲಿ 0, ಎರಡನೆಯದರಲ್ಲಿ 7.

ಈ ಲೆಕ್ಕ ನೋಡು. 2025 ಏಳುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆಯ ಕೊನೆಯ ಎರಡು ಅಂಕಿ ಯಾವುವು? ಗುಣಿಸುತ್ತಾ ಕೂತರೆ ದೀಪಾವಳಿ ಬಂದರೂ ಮುಗಿಯುವುದಿಲ್ಲ. ಸಣ್ಣದರಿಂದ ಶುರು ಮಾಡು: 7, 49, 343, 2401. ನಾಲ್ಕನೇ ಹೆಜ್ಜೆಗೆ ಕೊನೆಯಲ್ಲಿ 01 ಬಂತಲ್ಲ? ಅಲ್ಲಿಂದ ಮುಂದೆ ಮತ್ತೆ 07, 49, 43, 01 ಅಂತ ಅದೇ ಸುತ್ತು. 2025ನ್ನು 4ರಿಂದ ಭಾಗಿಸಿದರೆ 506 ಸುತ್ತು ಪೂರ್ತಿಯಾಗಿ 1 ಉಳಿಯುತ್ತದೆ. ಹಾಗಾಗಿ ಉತ್ತರ 07. ಎರಡು ನಿಮಿಷದ ಕೆಲಸ. ಆದರೆ ನನ್ನ ಹತ್ತಿರ ಕಲಿತ ಒಬ್ಬ ಹುಡುಗ ಇಂಥದ್ದೇ ಒಂದನ್ನು ಸರಿಯಾಗಿ ಮಾಡಿ, 7ನ್ನು ಮೊದಲ ಕಂಬದಲ್ಲಿ ತುಂಬಿ ಬಂದಿದ್ದ. ಯಂತ್ರಕ್ಕೆ ಅವನ ರಫ್ ಹಾಳೆ ಕಾಣುವುದಿಲ್ಲ ನೋಡು. ಮನೆಯಲ್ಲಿ ಗೀಟು ಹಾಕಿ ಒಂದು ಒಎಂಆರ್ ಶೀಟ್ ಮಾಡಿಕೊಂಡು, ಅಭ್ಯಾಸದ ಉತ್ತರಗಳನ್ನೆಲ್ಲ ಅದರಲ್ಲೇ ತುಂಬು.

ಉತ್ತರ ಎರಡು ಅಂಕಿ ಮೀರಬಾರದು ಅನ್ನುವ ನಿಯಮವೇ ನಿನಗೆ ಒಂದು ಸಹಾಯ. ನಿನಗೆ 132 ಬಂತು ಅಂದರೆ ಎಲ್ಲೋ ಎಡವಿದ್ದೀಯ. ಭಿನ್ನರಾಶಿ ಬಂದರೆ ಪ್ರಶ್ನೆಯ ಕೊನೆಯ ಸಾಲನ್ನು ಮತ್ತೆ ಓದು. ಅಂಶ ಮತ್ತು ಛೇದದ ಮೊತ್ತ ಎಷ್ಟು ಅಂತ ಕೇಳಿರುತ್ತಾರೆ, ಅದನ್ನು ಗಮನಿಸದೆ ಗಾಬರಿಯಾಗುವವರೇ ಜಾಸ್ತಿ.

ಈಗ ಸಮಯ. ಸರಾಸರಿ ಹಿಡಿದರೆ ಪ್ರಶ್ನೆಗೆ ಆರು ನಿಮಿಷ. ಆದರೆ ಹಾಗೆ ಸಮನಾಗಿ ಹಂಚಬಾರದು. ಮೊದಲ ಹತ್ತು ಪ್ರಶ್ನೆಗಳಿಂದ ಸಿಗುವುದು 20 ಅಂಕ, ಕೊನೆಯ ಹತ್ತರಿಂದ 50. ಹಾಗಂತ ಕೊನೆಯಿಂದ ಶುರು ಮಾಡಬೇಡ, ಅವು ನಿಜವಾಗಿಯೂ ಕಷ್ಟ. ಮೊದಲ 20 ಪ್ರಶ್ನೆಯಲ್ಲಿ ಬರುವುದನ್ನೆಲ್ಲ ಒಂದೂವರೆ ಗಂಟೆಯಲ್ಲಿ ಮುಗಿಸು. ಉಳಿದ ಒಂದೂವರೆ ಗಂಟೆಯಲ್ಲಿ ಕೊನೆಯ ಹತ್ತನ್ನೂ ಒಮ್ಮೆ ಓದಿ, ಕೈಹತ್ತುವ ಮೂರು ನಾಲ್ಕನ್ನು ಆರಿಸಿ ಅವುಗಳ ಜೊತೆ ಕೂರು. ಒಂದೇ ಲೆಕ್ಕಕ್ಕೆ 25 ನಿಮಿಷ ಹೋದರೂ ಪರವಾಗಿಲ್ಲ, ಅದು ಐದು ಅಂಕದ್ದಾಗಿದ್ದರೆ.

ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬೇಡ. ಸುಮ್ನೆ ತುಂಬಿದರೆ ನೂರಕ್ಕೆ ಒಂದು ಸಾಧ್ಯತೆ, ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಆದರೆ ಅರ್ಧ ಲೆಕ್ಕ ಮಾಡಿ ಉತ್ತರ ಇದು ಅಥವಾ ಅದು ಅನ್ನುವಲ್ಲಿಗೆ ಬಂದಿದ್ದರೆ, ಎರಡರಲ್ಲಿ ಒಂದನ್ನು ತುಂಬಲೇಬೇಕು. ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಕಲನಶಾಸ್ತ್ರ ಕಲಿಯಬೇಕಾಗಿಲ್ಲ. ಬೀಜಗಣಿತ, ರೇಖಾಗಣಿತ, ಸಂಖ್ಯಾ ಸಿದ್ಧಾಂತ, ಎಣಿಕೆಯ ಲೆಕ್ಕಗಳು, ಈ ನಾಲ್ಕೇ. ಹಳೆಯ ಪ್ರಶ್ನೆಪತ್ರಿಕೆಗಳು ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ಸಿಗುತ್ತವೆ.

ಮತ್ತೆ ಒಂದು ಮಾತು. ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ಮಳೆ ಪೂರ್ತಿ ನಿಂತಿರುವುದಿಲ್ಲ. ಕೇಂದ್ರ ಶಿವಮೊಗ್ಗದಲ್ಲಿ ಬಂದರೆ ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿದುಕೋ. ಬೆಳಗಿನ ಬಸ್ ನಂಬಿ ಹೊರಟು, ದಾರಿಯಲ್ಲಿ ಮರ ಬಿದ್ದು ಸಿಕ್ಕಿಹಾಕಿಕೊಂಡರೆ ಇಡೀ ವರ್ಷದ ಶ್ರಮ ಹೋಗುತ್ತದೆ.

ನಾನು ಪಿಯುಸಿ ಮೊದಲ ವರ್ಷ, ಶಿವಮೊಗ್ಗ. ಕಳೆದ ಸಲ ಆರ್‌ಎಂಒ ಬರೆದೆ. ನಾಲ್ಕು ಲೆಕ್ಕ ಸರಿ ಮಾಡಿದೆ ಅಂದುಕೊಂಡಿದ್ದೆ, ಆದರೆ ಆಯ್ಕೆಯಾಗಲಿಲ್ಲ. ಉತ್ತರ ಸರಿ ಇದ್ದರೂ ಅಂಕ ಕೊಡುವುದಿಲ್ಲವೇ ಸರ್?

ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ಪ್ರಶ್ನೆ. ಆರ್‌ಎಂಒ ಬೇರೆಯೇ ಜಾತಿಯ ಪರೀಕ್ಷೆ. ಮೂರು ಗಂಟೆಗೆ ಆರೇ ಪ್ರಶ್ನೆ. ಬಬಲ್ ಇಲ್ಲ, ಬಿಳಿ ಹಾಳೆ. ಪ್ರತಿ ಉತ್ತರವನ್ನೂ ಹೊಸ ಪುಟದಲ್ಲಿ ಶುರು ಮಾಡಬೇಕು. ಸ್ಕೇಲು, ಕೈವಾರ ಒಯ್ಯಬಹುದು, ಕೋನಮಾಪಕ ಒಯ್ಯುವಂತಿಲ್ಲ. ಏಕೆ? ಕೋನವನ್ನು ಅಳೆದು ನೋಡುವುದು ಇಲ್ಲಿ ಉತ್ತರವೇ ಅಲ್ಲ, ಅದು ಅಷ್ಟೇ ಆಗಬೇಕು ಅಂತ ಸಾಧಿಸಬೇಕು.

ಒಂದು ಪ್ರಶ್ನೆ ಹಿಡಿಯೋಣ. ಯಾವುದೇ ಐದು ಪೂರ್ಣಾಂಕ ಕೊಟ್ಟರೂ, ಅವುಗಳಲ್ಲಿ ಯಾವುದೋ ಮೂರರ ಮೊತ್ತ 3ರಿಂದ ಭಾಗವಾಗುತ್ತದೆ ಎಂದು ಸಾಧಿಸಿ. ನನ್ನ ಭಾನುವಾರದ ತರಗತಿಯಲ್ಲಿ ಇದನ್ನು ಕೊಟ್ಟಾಗ ಅರ್ಧದಷ್ಟು ಮಕ್ಕಳು ಹೀಗೆ ಬರೆಯುತ್ತಾರೆ: ‘1, 2, 4, 5, 8 ತೆಗೆದುಕೊಂಡರೆ 2 + 5 + 8 = 15. 3ರಿಂದ ಭಾಗವಾಯಿತು. ಇನ್ನೂ ಹತ್ತು ಉದಾಹರಣೆ ನೋಡಿದೆ, ಎಲ್ಲದಕ್ಕೂ ಸರಿ ಬಂತು.’ ಇದಕ್ಕೆ ಸೊನ್ನೆ. ಸಾವಿರ ಉದಾಹರಣೆ ಬರೆದರೂ ಸೊನ್ನೆಯೇ, ಯಾಕೆಂದರೆ ಕೇಳಿದ್ದು ‘ಯಾವುದೇ ಐದು’.

ಸಾಧನೆ ಇಷ್ಟೇ. 3ರಿಂದ ಭಾಗಿಸಿದಾಗ ಶೇಷ 0, 1 ಅಥವಾ 2 ಮಾತ್ರ ಬರಬಹುದು. ಐದು ಸಂಖ್ಯೆಗಳಲ್ಲಿ ಮೂರೂ ಬಗೆಯ ಶೇಷ ಇದ್ದರೆ, ಒಂದೊಂದು ಬಗೆಯಿಂದ ಒಂದೊಂದು ತೆಗೆದುಕೊಳ್ಳಿ. ಶೇಷಗಳ ಮೊತ್ತ 0 + 1 + 2 = 3, ಆದ್ದರಿಂದ ಮೊತ್ತ 3ರಿಂದ ಭಾಗವಾಗುತ್ತದೆ. ಮೂರೂ ಬಗೆ ಇಲ್ಲದಿದ್ದರೆ, ಹೆಚ್ಚೆಂದರೆ ಎರಡೇ ಬಗೆ. ಐದು ಸಂಖ್ಯೆಗಳು ಎರಡು ಬಗೆಯಲ್ಲಿ ಹಂಚಿಹೋದರೆ ಒಂದು ಬಗೆಯಲ್ಲಿ ಕನಿಷ್ಠ ಮೂರು ಇರಲೇಬೇಕು. ಆ ಮೂರನ್ನು ತೆಗೆದುಕೊಂಡರೆ ಶೇಷಗಳ ಮೊತ್ತ 0, 3 ಅಥವಾ 6. ಅಲ್ಲಿಗೆ ಮುಗಿಯಿತು.

ಇದರಲ್ಲಿ ಕಷ್ಟದ ಲೆಕ್ಕ ಎಲ್ಲಿದೆ? 8ನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಆದರೆ ‘ಮೂರೂ ಬಗೆ ಇಲ್ಲದಿದ್ದರೆ’ ಅನ್ನುವ ಎರಡನೇ ಭಾಗವನ್ನು ಬರೆಯದೆ ಬಿಟ್ಟವರು ಎಷ್ಟೋ ಜನ. ತಲೆಯಲ್ಲಿ ಗೊತ್ತಿರುತ್ತದೆ, ಹಾಳೆ ಮೇಲೆ ಇರುವುದಿಲ್ಲ. ನಿನಗೂ ಹೀಗೇ ಆಗಿರಬಹುದು ಅನ್ನಿಸುತ್ತದೆ. ಈ ವರ್ಷ ವಾರಕ್ಕೆ ಎರಡೇ ಲೆಕ್ಕ ಮಾಡು, ಆದರೆ ಪೂರ್ತಿ ಬರೆ. ಬರೆದದ್ದನ್ನು ಎರಡು ದಿನ ಎತ್ತಿಟ್ಟು, ಆಮೇಲೆ ಬೇರೆಯವರ ಉತ್ತರ ತಿದ್ದುವ ಹಾಗೆ ಓದು. ಪ್ರತಿ ‘ಆದ್ದರಿಂದ’ದ ಮುಂದೆ ನಿಂತು ‘ಯಾಕೆ?’ ಅಂತ ಕೇಳು. ಕಾರಣ ಹಾಳೆಯಲ್ಲಿ ಕಾಣದಿದ್ದರೆ ಕೆಂಪು ಗೆರೆ ಎಳಿ.

ಪೂರ್ತಿ ಬರದ ಲೆಕ್ಕವನ್ನೂ ಬಿಟ್ಟು ಬರಬೇಡ. ಒಂದು ಸಂದರ್ಭವನ್ನಾದರೂ ಕಾರಣ ಸಮೇತ ಚೊಕ್ಕವಾಗಿ ಬರೆದರೆ ಅದಕ್ಕೆ ಅಂಕ ಸಿಗುವ ಅವಕಾಶ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ ಅಷ್ಟೇ. ಅಲ್ಲಿ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರ್ಮೂರು ಲೆಕ್ಕ, ಪ್ರತಿಯೊಂದಕ್ಕೆ 7 ಅಂಕ. ಆ ಏಳರಲ್ಲಿ ಒಂದು, ಎರಡು ಅಂಕಕ್ಕೂ ಪದಕ ಏರುಪೇರಾಗುತ್ತದೆ.

ಹೊಸನಗರ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ನಾನು. 5ರಿಂದ 7ನೇ ತರಗತಿವರೆಗೆ ಒಟ್ಟು 14 ಮಕ್ಕಳು. ನಮ್ಮಲ್ಲೇ ಒಂದು ಗಣಿತ ಸ್ಪರ್ಧೆ ಮಾಡಬೇಕೆಂದಿದ್ದೇನೆ. ನಿಯಮ ಹೇಗಿರಲಿ?

ತುಂಬಾ ಸಂತೋಷವಾಯಿತು ಟೀಚರ್. 4, 5, 6ನೇ ತರಗತಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಯುವ ಗಣಿತ ಸ್ಪರ್ಧೆ ನಿಮಗೆ ಗೊತ್ತೇ ಇರುತ್ತದೆ. ನಿಮ್ಮದು ಅದರ ನಕಲಾಗುವುದು ಬೇಡ. ಅಲ್ಲಿ ಪಾಠದ ಲೆಕ್ಕ ಇರಲಿ, ನಿಮ್ಮಲ್ಲಿ ಯೋಚಿಸುವ ಲೆಕ್ಕ ಇರಲಿ.

ನನ್ನ ಸಲಹೆ: ಐದೇ ಪ್ರಶ್ನೆ, ಒಂದೂವರೆ ಗಂಟೆ. ಇಬ್ಬಿಬ್ಬರ ಏಳು ಜೋಡಿ ಮಾಡಿ, ದೊಡ್ಡ ಕ್ಲಾಸಿನ ಒಂದು ಮಗು, ಸಣ್ಣ ಕ್ಲಾಸಿನ ಒಂದು ಮಗು ಸೇರುವ ಹಾಗೆ ನೋಡಿ. ಜೋಡಿಗೆ ಒಂದೇ ಹಾಳೆ. ಮಾತಾಡಬಹುದು, ಆದರೆ ಪಕ್ಕದ ಜೋಡಿಗೆ ಕೇಳಬಾರದು. ಉತ್ತರಕ್ಕೆ ಒಂದು ಅಂಕ, ಕಾರಣಕ್ಕೆ ಮೂರು ಅಂಕ. ಈ ಒಂದು–ಮೂರರ ನಿಯಮವನ್ನು ಮಾತ್ರ ಬದಲಿಸಬೇಡಿ. ಮೊದಲು ಮುಗಿಸಿದವರಿಗೆ ಬಹುಮಾನ ಇಡಬೇಡಿ, ನಿಧಾನಕ್ಕೆ ಯೋಚಿಸುವ ಮಗು ಅಲ್ಲೇ ಕೈ ಚೆಲ್ಲುತ್ತದೆ.

ಕೈಗೆ ಸಿಗುವ ವಸ್ತು ಕೊಡಿ. ನಾನು ಒಮ್ಮೆ ಹೀಗೆ ಕೇಳಿದ್ದೆ: ಒಂದು ಬುಟ್ಟಿಯಲ್ಲಿ 100ಕ್ಕಿಂತ ಕಡಿಮೆ ಅಡಿಕೆ ಇವೆ. ನಾಲ್ಕರಂತೆ ಗುಂಪು ಮಾಡಿದರೆ ಮೂರು ಉಳಿಯುತ್ತವೆ. ಐದರಂತೆ ಮಾಡಿದರೆ ನಾಲ್ಕು. ಆರರಂತೆ ಮಾಡಿದರೆ ಐದು. ಬುಟ್ಟಿಯಲ್ಲಿ ಎಷ್ಟು ಅಡಿಕೆ? ಅಡಿಕೆಯನ್ನೇ ನೆಲದ ಮೇಲೆ ಸುರಿದಿದ್ದೆ. ಎಲ್ಲ ಜೋಡಿಗಳೂ ಗುಂಪು ಮಾಡಿ ಎಣಿಸುತ್ತಿದ್ದವು. 6ನೇ ಕ್ಲಾಸಿನ ಒಬ್ಬಳು ಮಾತ್ರ ಎಣಿಸುವುದನ್ನು ನಿಲ್ಲಿಸಿ, ಉಳಿದ ಮೂರು ಅಡಿಕೆಗಳನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ಕೈ ಚಾಚಿದಳು. ‘ಸಾರ್, ಇನ್ನೊಂದ್ ಅಡಿಕೆ ಕೊಡಿ.’

ಕೊಟ್ಟೆ. ನಾಲ್ಕರ ಗುಂಪೂ ಪೂರ್ತಿ, ಐದರದ್ದೂ ಪೂರ್ತಿ, ಆರರದ್ದೂ ಪೂರ್ತಿ. 4, 5, 6ರ ಲ.ಸಾ.ಅ. 60, ಕೊಟ್ಟ ಒಂದನ್ನು ವಾಪಸ್ ತೆಗೆದರೆ 59. ಹಾಳೆಯಲ್ಲಿ ಅವಳು ಲ.ಸಾ.ಅ. ಅನ್ನುವ ಪದವನ್ನೇ ಬರೆದಿರಲಿಲ್ಲ. ‘ಒಂದು ಹೆಚ್ಚಿದ್ದರೆ ಏನೂ ಉಳೀತಿರಲಿಲ್ಲ’ ಅಂತ ಒಂದೇ ಸಾಲು ಬರೆದಿದ್ದಳು. ನಿಮ್ಮ ಮಕ್ಕಳಲ್ಲಿ ಯಾರಾದರೂ ಹಾಗೆ ಬರೆದರೆ, ಕೊನೆಗೆ ಕಳೆಯುವುದರಲ್ಲಿ 58 ಅಂತ ತಪ್ಪಿದ್ದರೂ, ಕಾರಣದ ಮೂರು ಅಂಕ ಪೂರ್ತಿ ಕೊಡಿ.