ತೆಗೆಯಲಾಗದ ಆ್ಯಪ್, ತುಂಬಿಹೋದ 15 ಜಿಬಿ: ಗ್ರಾಹಕರು ಏನು ಮಾಡಬಹುದು?

ಪ್ರಶ್ನೆ: ಹೊಸ ಆಂಡ್ರಾಯ್ಡ್ ಫೋನ್ ಕೊಂಡಿದ್ದೇನೆ. ಕ್ರೋಮ್, ಯೂಟ್ಯೂಬ್ ಮೊದಲೇ ಅದರಲ್ಲಿವೆ, ತೆಗೆಯೋಣವೆಂದರೆ ‘ಅನ್‌ಇನ್‌ಸ್ಟಾಲ್’ ಎಂಬುದೇ ಇಲ್ಲ. ಇದೇ ವಿಷಯಕ್ಕೆ ಗೂಗಲ್‌ಗೆ ಸಾವಿರ ಕೋಟಿ ದಂಡ ಬಿದ್ದಿತ್ತಲ್ಲ? ನನ್ನಂಥ ಸಾಮಾನ್ಯರು ದೂರು ಕೊಡಬಹುದೇ? – ಓದುಗರು, ಹಾಸನ

ದಂಡ ಬಿದ್ದದ್ದು ನಿಜ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ (ಸಿಸಿಐ) ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೊದಲೇ ಹಾಕಿಕೊಟ್ಟ ಆ್ಯಪ್‌ಗಳನ್ನು ತೆಗೆಯಲು ಬಳಕೆದಾರರಿಗೆ ಅಡ್ಡಿ ಮಾಡಬಾರದು ಎಂದೂ ಆ ಆದೇಶದಲ್ಲಿತ್ತು. ಗೂಗಲ್ ಮೇಲ್ಮನವಿ ಸಲ್ಲಿಸಿತು. 2023ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತಾದರೂ ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ಅನ್‌ಇನ್‌ಸ್ಟಾಲ್ ಕುರಿತ ನಿರ್ದೇಶನ ಆ ನಾಲ್ಕರಲ್ಲಿ ಒಂದು. ದಂಡದ ಮೊತ್ತ ದೊಡ್ಡ ಸುದ್ದಿಯಾಯಿತು, ಬಳಕೆದಾರರಿಗೆ ನಿಜಕ್ಕೂ ಬೇಕಿದ್ದ ಈ ಅಂಶ ಬಿದ್ದುಹೋದದ್ದು ಅಷ್ಟು ಸುದ್ದಿಯಾಗಲಿಲ್ಲ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ‘ಡಿಸೇಬಲ್’. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ, ಬೇಡವಾದ ಆ್ಯಪ್ ಒತ್ತಿ, ಡಿಸೇಬಲ್ ಮಾಡಿ. ಆಗ ಅಪ್‌ಡೇಟ್‌ಗಳು ಅಳಿದು, ಆ್ಯಪ್ ಹಿನ್ನೆಲೆಯಲ್ಲಿ ಓಡುವುದು ನಿಲ್ಲುತ್ತದೆ. ಮೂಲ ಆ್ಯಪ್ ಇರುವುದು ಫೋನಿನ ಸಿಸ್ಟಮ್ ಭಾಗದಲ್ಲಿ. ಆದ್ದರಿಂದ ಜಾಗ ಉಳಿಯುವುದು ಅಪ್‌ಡೇಟ್ ಮತ್ತು ಡೇಟಾದ ಮಟ್ಟಿಗೆ ಮಾತ್ರ. ಸರ್ಚ್ ಎಂಜಿನ್ ಬದಲಿಸುವುದಕ್ಕಂತೂ ಯಾವ ಅಡ್ಡಿಯೂ ಇಲ್ಲ: ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸರ್ಚ್ ಎಂಜಿನ್’ ಎಂಬುದನ್ನು ಒತ್ತಿ ಬೇಕಾದುದನ್ನು ಆರಿಸಿಕೊಳ್ಳಿ.

ಇನ್ನು ದೂರು. ಆಂಡ್ರಾಯ್ಡ್ ಪ್ರಕರಣ ಶುರುವಾದದ್ದೇ ಬಳಕೆದಾರರು ಕೊಟ್ಟ ‘ಮಾಹಿತಿ’ಯಿಂದ (ಸಿಸಿಐಗೆ ಕೊಡುವ ದೂರಿಗೆ ಕಾಯ್ದೆಯಲ್ಲಿರುವ ಹೆಸರಿದು), ಯಾವುದೋ ಎದುರಾಳಿ ಕಂಪನಿಯಿಂದಲ್ಲ. ಸ್ಪರ್ಧಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ನಿಗದಿತ ಶುಲ್ಕ ಕಟ್ಟಿ ಸಿಸಿಐಗೆ ಮಾಹಿತಿ ಸಲ್ಲಿಸಬಹುದು. ಹೆಸರು ಗೋಪ್ಯವಾಗಿಡಿ ಎಂದು ಕೇಳಿಕೊಳ್ಳಲೂ ಅವಕಾಶವಿದೆ. ಬಹಳಷ್ಟು ಮಾಹಿತಿಗಳು ಮೊದಲ ಹಂತದಲ್ಲೇ ಬಿದ್ದುಹೋಗುತ್ತವೆ. ಕಂಪನಿ ದೊಡ್ಡದು, ದುರಾಸೆಯದು ಎಂದು ಬರೆದರೆ ಸಾಲದು, ದೊಡ್ಡದಾಗಿರುವುದು ಅಪರಾಧವೂ ಅಲ್ಲ. ಮೂರು ಸಂಗತಿ ತೋರಿಸಬೇಕು: ಯಾವ ಮಾರುಕಟ್ಟೆ, ಅದರಲ್ಲಿ ಈ ಕಂಪನಿಯ ಪ್ರಾಬಲ್ಯ ಎಷ್ಟು, ಆ ಪ್ರಾಬಲ್ಯವನ್ನು ಯಾವ ಷರತ್ತು ಅಥವಾ ನಡೆಯ ಮೂಲಕ ದುರುಪಯೋಗ ಮಾಡಿಕೊಂಡಿದೆ. ಷರತ್ತುಗಳ ಪ್ರತಿ, ದಿನಾಂಕವಿರುವ ಸ್ಕ್ರೀನ್‌ಶಾಟ್ ಲಗತ್ತಿಸಿ. 2023ರ ತಿದ್ದುಪಡಿಯ ನಂತರ, ಘಟನೆ ನಡೆದ ಮೂರು ವರ್ಷದೊಳಗೆ ಸಲ್ಲಿಸಬೇಕು.

ಸಿಸಿಐ ನಿಮಗೆ ಹಣ ವಾಪಸ್ ಕೊಡಿಸುವುದಿಲ್ಲ, ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ. ತಪ್ಪು ಸಾಬೀತಾದ ಮೇಲೆ 53ಎನ್ ಸೆಕ್ಷನ್ ಅಡಿ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು, ಒಂದೇ ರೀತಿ ನಷ್ಟವಾದ ಹಲವರು ಅನುಮತಿ ಪಡೆದು ಒಟ್ಟಾಗಿಯೂ ಕೇಳಬಹುದು. ಈ ಹಕ್ಕನ್ನು ಗ್ರಾಹಕ ಸಂಘಟನೆಗಳು ಇನ್ನಷ್ಟು ಬಳಸಿಕೊಳ್ಳಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಪ್ರಶ್ನೆ: ಗೂಗಲ್ ಉಚಿತವಾಗಿ ಕೊಟ್ಟ 15 ಜಿಬಿ ಜಾಗ ತುಂಬಿದೆ, ದುಡ್ಡು ಕಟ್ಟಿ ಎನ್ನುತ್ತಿದೆ. ಹತ್ತು ವರ್ಷದ ಫೋಟೋಗಳಿವೆ. ಹೊರಗೆ ತರುವುದು ಹೇಗೆ? – ಓದುಗರು, ಶಿರಸಿ

ನಮ್ಮ ಡೇಟಾ ನಮ್ಮ ಹತ್ತಿರವೂ ಇದ್ದರೆ ಮಾತ್ರ ‘ನಿಮ್ಮ ಸೇವೆ ಬೇಡ’ ಎನ್ನುವ ಧೈರ್ಯ ಬರುತ್ತದೆ. ಹಾಗಾಗಿ ದುಡ್ಡು ಕಟ್ಟುವವರೂ ಇದನ್ನೊಮ್ಮೆ ಮಾಡಿಟ್ಟುಕೊಳ್ಳಿ.

ಕಂಪ್ಯೂಟರಿನಲ್ಲಿ ‘ಗೂಗಲ್ ಟೇಕ್‌ಔಟ್’ (ಗೂಗಲ್‌ನಲ್ಲಿರುವ ನಿಮ್ಮ ಡೇಟಾ ಇಳಿಸಿಕೊಳ್ಳುವ ತಾಣ) ತೆರೆಯಿರಿ. ಎಲ್ಲ ಟಿಕ್ ತೆಗೆದು, ಗೂಗಲ್ ಫೋಟೋಸ್ ಒಂದನ್ನೇ ಆರಿಸಿ. ಫೈಲ್ ಬಗೆ ಜಿಪ್, ಗಾತ್ರ 2 ಜಿಬಿ ಇರಲಿ. 50 ಜಿಬಿಯ ಒಂದೇ ಫೈಲ್ ಆರಿಸಿದರೆ, ನಡುವೆ ನೆಟ್ ಹೋದಾಗ ಮತ್ತೆ ಮೊದಲಿನಿಂದ ಇಳಿಸುವ ಪಾಡು. ಚಿಕ್ಕ ಫೈಲಾದರೆ ಕೆಟ್ಟದ್ದನ್ನಷ್ಟೇ ಮತ್ತೆ ಇಳಿಸಿಕೊಂಡರಾಯಿತು. ಲಿಂಕ್ ಮೇಲ್‌ಗೆ ಬರುತ್ತದೆ, ಸುಮಾರು ಒಂದು ವಾರದಲ್ಲಿ ಅದರ ಅವಧಿ ಮುಗಿಯುತ್ತದೆ.

ಜಿಪ್ ಬಿಚ್ಚಿದಾಗ ಫೋಟೋಗಳ ಜೊತೆ ‘ಜೇಸನ್’ ಎಂಬ ಪುಟ್ಟ ಫೈಲುಗಳು ಕಾಣುತ್ತವೆ. ಕಸವೆಂದು ಅಳಿಸಬೇಡಿ. ಕ್ಯಾಮೆರಾದಲ್ಲಿ ತೆಗೆದ ಚಿತ್ರದೊಳಗೆ ಸಾಮಾನ್ಯವಾಗಿ ದಿನಾಂಕ ಅಡಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಕ್ಕೆ, ನೀವು ಫೋಟೋಸ್‌ನಲ್ಲಿ ತಿದ್ದಿದ ದಿನಾಂಕಕ್ಕೆ ಈ ಜೇಸನ್ನೇ ಆಧಾರ. ಅದು ಹೋದರೆ ಅಂಥ ಚಿತ್ರಗಳೆಲ್ಲ ನೀವು ಜಿಪ್ ಬಿಚ್ಚಿದ ದಿನದ್ದೆಂದು ತೋರಿಸಬಹುದು.

ಎರಡು ಬೇರೆ ಬೇರೆ ಡ್ರೈವ್‌ಗೆ ನಕಲು ಮಾಡಿ, ಹಳೆಯ ವರ್ಷದ ಕೆಲವು ಚಿತ್ರ, ಒಂದೆರಡು ವಿಡಿಯೊ ತೆರೆದು ನೋಡಿದ ಮೇಲಷ್ಟೇ ಗೂಗಲ್‌ನಲ್ಲಿ ಅಳಿಸಿ. ಇಲ್ಲೇ ತುಂಬ ಜನ ಎಡವುವುದು: ಬ್ಯಾಕಪ್ ಆನ್ ಇದ್ದಾಗ ಫೋಟೋಸ್‌ನಲ್ಲಿ ಅಳಿಸಿದ್ದು ಫೋನಿನಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರ ಟ್ರ್ಯಾಶ್‌ನಲ್ಲಿ 60 ದಿನ ಸಿಗುತ್ತದೆ, ಆಮೇಲೆ ಸಿಗದು.

ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಇದೇ 15 ಜಿಬಿಯಲ್ಲಿ ಲೆಕ್ಕವಾಗುತ್ತದೆ. ಅದರ ಚಾಟ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಸೇರಿಸುವುದನ್ನು ನಿಲ್ಲಿಸಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸಮಸ್ಯೆ ಮುಗಿಯುತ್ತದೆ.

ಪ್ರಶ್ನೆ: ಒಂದು ಆ್ಯಪ್‌ನ ಉಚಿತ ಟ್ರಯಲ್ ತೆಗೆದುಕೊಂಡೆ. ಆ್ಯಪ್ ಅಳಿಸಿದರೂ ಪ್ರತಿ ತಿಂಗಳು ಯುಪಿಐನಿಂದ ಹಣ ಹೋಗುತ್ತಿದೆ. – ಓದುಗರು, ಬಳ್ಳಾರಿ

ಆ್ಯಪ್ ಅಳಿಸಿದರೆ ಚಂದಾ ರದ್ದಾಗದು. ಮೊದಲು ನಿಮ್ಮ ಯುಪಿಐ ಆ್ಯಪ್‌ನ ‘ಆಟೊಪೇ’ ವಿಭಾಗದಲ್ಲಿ ಆ ಮ್ಯಾಂಡೇಟ್ (ಹಣ ತಾನಾಗಿ ಕಡಿತವಾಗಲು ನೀವು ಕೊಟ್ಟ ಅನುಮತಿ) ರದ್ದು ಮಾಡಿ. ನಂತರ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ನಲ್ಲಿ ಚಂದಾ ಇದೆಯೇ ನೋಡಿ.

ರದ್ದು ಮಾಡುವ ಗುಂಡಿಯನ್ನು ಬಚ್ಚಿಡುವುದು 2023ರ ನವೆಂಬರ್‌ನ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ತಂತ್ರಗಳಲ್ಲಿ ಒಂದು. ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ನೀವು ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಕಂಪನಿಯ ಕಚೇರಿ ದೆಹಲಿಯಲ್ಲಿರಲಿ, ಮುಂಬೈಯಲ್ಲಿರಲಿ, ನೀವು ಬಳ್ಳಾರಿಯ ಆಯೋಗದಲ್ಲೇ ದೂರು ದಾಖಲಿಸಬಹುದು.